850 ಕೆಜಿ ಅಂದ ಟ್ರೈಲರ್, 1,800 ಎಳೆಯುವ ಪಿಕಪ್: ಆದರೂ ಬಾಲ ಯಾಕೆ ಆಡಿಸುತ್ತದೆ?

ಬದಿಯಡ್ಕದವ · ಭಾನುವಾರ, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಓದ್ತಾ ಇದ್ದೇನೆ, ಬರೆಯುವುದು ಇದೇ ಮೊದಲು.

ನನ್ನ ಹತ್ತಿರ ಡಬಲ್ ಕ್ಯಾಬ್ ಡೀಸೆಲ್ ಪಿಕಪ್ ಉಂಟು, 4x4. ಆರ್‌ಸಿಯಲ್ಲಿ ಖಾಲಿ ತೂಕ 1,960 ಕೆಜಿ, ಭರ್ತಿ ತೂಕ 2,750. ಜತೆಗೆ ಬಂದ ಪುಸ್ತಕದಲ್ಲಿ ಟ್ರೈಲರ್ ಎಳೆಯುವ ಲೆಕ್ಕ 1,800 ಕೆಜಿ ಅಂತ ಬರೆದಿದೆ. ಮಕ್ಕಳಿಗೆ ರಜೆಯಲ್ಲಿ ಊರೂರು ತೋರಿಸಬೇಕು, ಅಪ್ಪ ಅಮ್ಮನಿಗೆ ಹೋದಲ್ಲೆಲ್ಲ ಅವರದ್ದೇ ಹಾಸಿಗೆ, ಅವರದ್ದೇ ಅಡುಗೆ ಇರಬೇಕು ಅಂತ ಒಂದು ಮಲಗುವ ಟ್ರೈಲರ್ ಮಾಡಿಸಿದೆ. ಒಂದೇ ಆಕ್ಸಲ್, ಎರಡು ಚಕ್ರ. ಮಾಡಿಕೊಟ್ಟವರು 850 ಕೆಜಿ ಅಂದರು. 1,800ರ ಅರ್ಧಕ್ಕೂ ಕಡಿಮೆ ಅಲ್ವಾ, ಯೋಚನೆಯೇ ಇಲ್ಲ ಅಂದುಕೊಂಡೆ.

ನಿನ್ನೆ ನಾಲ್ಕು ಜನ, ಸಾಮಾನು ಎಲ್ಲ ತುಂಬಿಸಿ ಮೊದಲ ಸಲ ಹೊರಟೆವು. ಕುಂಬಳೆಯಲ್ಲಿ ಹೊಸ ಆರು ಪಥದ ರಸ್ತೆಗೆ ಹತ್ತುವವರೆಗೆ ತೊಂದರೆ ಇಲ್ಲ. ಪಿಕಪ್ ಹಿಂದೆ ಒಂಚೂರೂ ಕುಸಿಯಲಿಲ್ಲ, ಎಳೆಯುವುದೇ ಗೊತ್ತಾಗುವುದಿಲ್ಲ. ಬಂದ್ಯೋಡು ದಾಟಿ ಸಣ್ಣ ಇಳಿಜಾರು, ಸ್ಪೀಡು 70. ಬಲಗಡೆಯಿಂದ ಒಂದು ಕಂಟೇನರ್ ಲಾರಿ ದಾಟಿ ಹೋಯ್ತು. ಅದರ ಗಾಳಿಗೆ ಟ್ರೈಲರ್ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ, ಮತ್ತೆ ಎಡಕ್ಕೆ. ಒಂದೊಂದು ಸಲವೂ ಮೊದಲಿಗಿಂತ ಜಾಸ್ತಿ. ಪಿಕಪ್ಪಿನ ಹಿಂಭಾಗವನ್ನೇ ಹಿಡಿದು ಅಲ್ಲಾಡಿಸಿದ ಹಾಗೆ. ನಾನು ಆಕ್ಸಿಲರೇಟರ್ ಬಿಟ್ಟೆ, ಹೇಗೋ ನಿಂತಿತು. ಅಮ್ಮ ಮತ್ತೆ ಟ್ರೈಲರ್ ಕಟ್ಟಿದ ಗಾಡಿಗೆ ಹತ್ತುವುದಿಲ್ಲ ಅಂತ ಹೇಳಿಬಿಟ್ಟಿದ್ದಾರೆ.

ಶಕ್ತಿ ಇದ್ದೂ ಹೀಗೆ ಯಾಕೆ? ಸಸ್ಪೆನ್ಷನ್ ಗಟ್ಟಿ ಮಾಡಿಸಬೇಕಾ?

ಮುಳ್ಳೇರಿಯ ವೆಲ್ಡಿಂಗ್ · ರಾತ್ರಿ 10.05

ಮೊದಲು ಒಂದು ಮಾತು. ನೀವು ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟದ್ದು ನಿಮ್ಮನ್ನು ಉಳಿಸಿತು. ಆ ಹೊತ್ತಿಗೆ ಬಲವಾಗಿ ಬ್ರೇಕ್ ಹಾಕಿದ್ದರೆ ಟ್ರೈಲರ್ ಹಿಂದಿನಿಂದ ದೂಡಿ ಪಿಕಪ್ಪನ್ನು ಅಡ್ಡ ತಿರುಗಿಸುತ್ತಿತ್ತು. ಅದನ್ನು ಸರಿ ಮಾಡುತ್ತೇನೆ ಅಂತ ಸ್ಪೀಡ್ ಏರಿಸುವುದೂ ಅಪಾಯವೇ.

ಈಗ ಪ್ರಶ್ನೆಗಳು. 850 ಅಂದದ್ದು ಯಾವುದರ ತೂಕ, ಬರೇ ಚೌಕಟ್ಟಿನದ್ದಾ, ಒಳಗಿನ ಕೆಲಸ ಎಲ್ಲ ಮುಗಿದ ಮೇಲಿನದ್ದಾ? ನೀರಿನ ಟ್ಯಾಂಕ್ ಎಲ್ಲಿದೆ? ಟ್ರೈಲರಿಗೆ ಬ್ರೇಕ್ ಉಂಟಾ? ಕೊಂಡಿಯ ಮೇಲೆ ಎಷ್ಟು ಭಾರ ಕೂರುತ್ತದೆ, ತೂಗಿದ್ದೀರಾ?

ಬದಿಯಡ್ಕದವ · ರಾತ್ರಿ 10.20

ಬ್ರೇಕ್ ಇಲ್ಲ. ಟ್ಯಾಂಕ್ 120 ಲೀಟರ್, ಹಿಂದಿನ ಬಾಗಿಲ ಕೆಳಗೆ. ಸ್ಟೆಪ್ನಿಯೂ ಹಿಂದಿನ ಗೋಡೆಯಲ್ಲಿ. 850 ಯಾವಾಗಿನ ತೂಕ ಅಂತ ಕೇಳಿಲ್ಲ. ಕೊಂಡಿಯದ್ದು ತೂಗಿಲ್ಲ. ಹೇಗೆ ತೂಗುವುದು?

ಕುಂಬಳೆಯಿಂದ ಟೆಕ್ಸಾಸಿಗೆ · ರಾತ್ರಿ 11.15

ನಾನು ಇಲ್ಲಿ ಅಮೇರಿಕದಲ್ಲಿ ಏಳು ವರ್ಷದಿಂದ ಟ್ರಾವೆಲ್ ಟ್ರೈಲರ್ ಎಳೀತಾ ಇದ್ದೇನೆ. ನೀವು ಮಾಡಿದ ತಪ್ಪನ್ನೇ ಇಲ್ಲಿ ಸಾವಿರಾರು ಜನ ಮಾಡ್ತಾರೆ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

ಇಲ್ಲಿ ಟ್ರೈಲರ್ ಮಾರುವಾಗ ಹೇಳುವ ತೂಕ "ಒಣ ತೂಕ". ನೀರು, ಗ್ಯಾಸ್, ಪಾತ್ರೆ, ಬಟ್ಟೆ ಯಾವುದೂ ಅದರಲ್ಲಿಲ್ಲ, ಎಷ್ಟೋ ಸಲ ಬ್ಯಾಟರಿ ಕೂಡ ಇಲ್ಲ. ಒಣ ಟ್ರೈಲರನ್ನು ಯಾರೂ ಎಳೆಯುವುದಿಲ್ಲ. ಲೆಕ್ಕಕ್ಕೆ ಬೇಕಾದ್ದು ಹೊರಡುವ ದಿನದ ಭರ್ತಿ ತೂಕ.

ಟ್ರಕ್ಕಿನ ಕಡೆಯ ಸಂಖ್ಯೆಯೂ ಹಾಗೇ. ಜಾಹೀರಾತಿನಲ್ಲಿ ಕಾಣುವ ಎಳೆಯುವ ಶಕ್ತಿಯನ್ನು ಎಸ್‌ಎಇ ಜೆ2807 ಎಂಬ ಮಾನದಂಡದ ಪ್ರಕಾರ ಅಳೆಯುತ್ತಾರೆ. ಅರಿಜೋನಾದ ಡೇವಿಸ್ ಡ್ಯಾಮ್ ಹತ್ತಿರ 11.4 ಮೈಲಿ, ಅಂದರೆ ಸುಮಾರು 18 ಕಿಮೀ ಉದ್ದದ ಏರು ಉಂಟು. ಬಿಸಿಲಲ್ಲಿ, ಎಸಿ ಹಾಕಿಕೊಂಡು, ನಿಗದಿಯ ವೇಗಕ್ಕಿಂತ ಕೆಳಗಿಳಿಯದೆ ಆ ಏರನ್ನು ಹತ್ತಬೇಕು. ಒಳ್ಳೆಯ ಪರೀಕ್ಷೆಯೇ. ಆದರೆ ಆಗ ಟ್ರಕ್ಕಿನಲ್ಲಿರುವುದು ಡ್ರೈವರ್, ಪಕ್ಕದಲ್ಲಿ ಒಬ್ಬರು, ತಲಾ 68 ಕೆಜಿ, ಮತ್ತೆ ಕಟ್ಟುವ ಸಲಕರಣೆ. ಅಪ್ಪ ಇಲ್ಲ, ಅಮ್ಮ ಇಲ್ಲ, ಹಿಂದೆ ತುಂಬಿದ ಸಾಮಾನಿಲ್ಲ.

ಒಂದು ಉದಾಹರಣೆ. ಟ್ರಕ್ಕಿನ ಶಕ್ತಿ 5,000 ಕೆಜಿ ಅಂತ ಬರೆದಿರುತ್ತದೆ ಅಂತ ಇಟ್ಟುಕೊಳ್ಳಿ. ಡ್ರೈವರ್ ಬಾಗಿಲ ಕಂಬದ ಹಳದಿ ಚೀಟಿಯಲ್ಲಿ ಜನ ಮತ್ತು ಸಾಮಾನು ಸೇರಿ 680 ಕೆಜಿ ದಾಟಬಾರದು ಅಂತ ಇರುತ್ತದೆ. ಸಂಸಾರ 272 ಕೆಜಿ, ಭಾರ ಹಂಚುವ ಹಿಚ್, ಅಂದರೆ ಟ್ರೈಲರ್ ಕಟ್ಟುವ ಸಲಕರಣೆ, 45 ಕೆಜಿ. ಉಳಿದದ್ದು 363. ಟ್ರೈಲರಿನ ಭಾರದಲ್ಲಿ ನೂರಕ್ಕೆ 10ರಿಂದ 15 ಪಾಲು ಕೊಂಡಿಯ ಮೇಲೆ ಕೂರಬೇಕು, ಅದೇ ಟಂಗ್ ವೇಟ್. 13 ಅಂತ ಹಿಡಿದರೆ 363 ಕೆಜಿಗೆ ಸರಿಹೋಗುವ ಟ್ರೈಲರ್ 2,790 ಕೆಜಿಯದ್ದು. 5,000 ಎಲ್ಲಿ, 2,790 ಎಲ್ಲಿ! ಎಂಜಿನ್ನಿನ ಶಕ್ತಿ ಮುಗಿಯುವ ಎಷ್ಟೋ ಮೊದಲು ಟ್ರಕ್ಕಿನ ಬೆನ್ನು ಮುಗಿಯುತ್ತದೆ.

ನಿಮ್ಮ ಪುಸ್ತಕದಲ್ಲಿ 1,800ರ ಪಕ್ಕ ಬೇರೆ ಸಂಖ್ಯೆಗಳೂ ಇರಬೇಕು. ಆ ಪುಟವನ್ನು ಪೂರ್ತಿ ಓದಿ ಇಲ್ಲಿ ಬರೆಯಿರಿ.

ಬದಿಯಡ್ಕದವ · ಸೋಮವಾರ, ಬೆಳಿಗ್ಗೆ 7.10

ಓದಿದೆ. ಬ್ರೇಕ್ ಇರುವ ಟ್ರೈಲರ್ 1,800. ಬ್ರೇಕ್ ಇಲ್ಲದ್ದು 750. ಪಿಕಪ್, ಟ್ರೈಲರ್ ಎರಡೂ ಸೇರಿ 4,200 ದಾಟಬಾರದು. ಹಿಂದಿನ ಆಕ್ಸಲ್ಲಿಗೆ ಹೆಚ್ಚೆಂದರೆ 1,450.

750 ಅಂತ ಓದಿದಾಗ ಎದೆ ಧಸಕ್ಕೆಂದಿತು. 850 ಅಂದುಕೊಂಡರೂ ನಾನು ಮೊದಲ ದಿನವೇ ಮಿತಿ ದಾಟಿದ್ದೆ.

ಮುಳ್ಳೇರಿಯ ವೆಲ್ಡಿಂಗ್ · ಬೆಳಿಗ್ಗೆ 7.45

ಇನ್ನೊಂದು ಲೆಕ್ಕ ನೋಡಿ. 2,750 ಮತ್ತು 1,800 ಕೂಡಿಸಿದರೆ 4,550. ಒಟ್ಟು ಮಿತಿ 4,200. ಪಿಕಪ್ಪನ್ನೂ ಪೂರ್ತಿ ತುಂಬಿಸಿ ಟ್ರೈಲರನ್ನೂ ಪೂರ್ತಿ ತುಂಬಿಸುವ ಹಾಗೇ ಇಲ್ಲ. 1,800 ಎಳೆಯಬೇಕಾದರೆ ಪಿಕಪ್ 2,400 ಒಳಗೆ ಇರಬೇಕು.

ಹೊರಟ ದಿನ ಹೇಗೆ ತುಂಬಿಸಿದ್ದಿರೋ ಹಾಗೆಯೇ ತುಂಬಿಸಿ, ಜನರನ್ನೂ ಕೂರಿಸಿ ವೇಬ್ರಿಜ್‌ಗೆ ಹೋಗಿ. ನಾಲ್ಕು ತೂಕ ತೆಗೆಯಿರಿ. ಪಿಕಪ್ ಒಂದೇ. ಪಿಕಪ್ಪಿನ ಮುಂದಿನ ಚಕ್ರ ಮಾತ್ರ. ಟ್ರೈಲರ್ ಕಟ್ಟಿದ ಮೇಲೆ ಪಿಕಪ್ಪಿನ ನಾಲ್ಕು ಚಕ್ರ ಮಾತ್ರ ಹಲಗೆಯ ಮೇಲೆ, ಟ್ರೈಲರ್ ಹೊರಗೆ. ಕೊನೆಗೆ ಎಲ್ಲವೂ ಒಟ್ಟಿಗೆ.

ಪಯಸ್ವಿನಿ ದಡ · ಬೆಳಿಗ್ಗೆ 8.30

ಇಷ್ಟೆಲ್ಲ ಬೇಕಾ? ನಮ್ಮಲ್ಲಿ ಪವರ್ ಟಿಲ್ಲರ್‌ನ ಡಬ್ಬಿಗೆ ಮುರಕಲ್ಲು ತುಂಬಿಸಿ ಗುಡ್ಡೆ ಇಳಿಸುತ್ತೇವೆ. ತೂಕ ನೋಡಿದವರಿಲ್ಲ. ಇಪ್ಪತ್ತು ವರ್ಷ ಆಯ್ತು, ಏನೂ ಆಗಿಲ್ಲ.

ಘಟ್ಟದ ಚಾಲಕ · ಬೆಳಿಗ್ಗೆ 9.00

ಟಿಲ್ಲರ್ ಹೋಗುವುದು ಗಂಟೆಗೆ 15 ಕಿಮೀ ವೇಗದಲ್ಲಿ. ಇವರು ಹೋದದ್ದು 70ರಲ್ಲಿ. ವೇಗ ನಾಲ್ಕು ಪಟ್ಟು ಆದರೆ ನಿಲ್ಲಿಸುವಾಗ ಬ್ರೇಕ್ ತಿನ್ನಬೇಕಾದ ಶಕ್ತಿ ಹದಿನಾರು ಪಟ್ಟು. ಟಿಲ್ಲರ್ ಬಾಲ ಆಡಿಸುವುದಿಲ್ಲ, ಆ ವೇಗಕ್ಕೆ ಅದು ಹೋಗುವುದೇ ಇಲ್ಲ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಮೀ ಈಗ ಆರು ಪಥ. ಹಳೆ ರಸ್ತೆಯಲ್ಲಿ ಹೊಂಡಗಳೇ ನಮ್ಮನ್ನು 40ರಲ್ಲಿ ಹಿಡಿದಿಡುತ್ತಿದ್ದವು. ಈಗ ಹಿಡಿಯುವವರಿಲ್ಲ.

ನಾನು ಸಂಪಾಜೆ ಘಾಟಿಯಲ್ಲಿ ಲಾರಿ ಓಡಿಸಿದವ. ಎಳೆಯುವ ಶಕ್ತಿ ಅಂತ ಎಲ್ಲರೂ ಹತ್ತುವ ಮಾತಾಡುತ್ತಾರೆ. ಹತ್ತಲಿಕ್ಕೆ ಆಗದಿದ್ದರೆ ಗಾಡಿ ನಿಲ್ಲುತ್ತದೆ, ಅಷ್ಟೇ. ಇಳಿಯಲಿಕ್ಕೆ ಆಗದಿದ್ದರೆ ನಿಲ್ಲುವುದಿಲ್ಲ.

ಮಡಿಕೇರಿಯಿಂದ ಸಂಪಾಜೆಗೆ ಬರುವಷ್ಟರಲ್ಲಿ ಸುಮಾರು 1,000 ಮೀಟರ್ ಕೆಳಗೆ ಇಳಿದಿರುತ್ತೇವೆ. ಫಿಸಿಕ್ಸ್ ಕಲಿಸುವ ನನ್ನ ಮಗಳ ಹತ್ತಿರ ಒಮ್ಮೆ ಲೆಕ್ಕ ಮಾಡಿಸಿದ್ದೆ. 1,300 ಕೆಜಿಯ ಟ್ರೈಲರ್ ಒಂದೇ ಆ ಇಳಿತದಲ್ಲಿ ಬಿಟ್ಟುಕೊಡುವ ಶಕ್ತಿ ನಲವತ್ತು ಲೀಟರ್ ತಣ್ಣೀರನ್ನು ಕುದಿ ಬರಿಸುವಷ್ಟು. ಬಚ್ಚಲಿನ ಒಂದು ದೊಡ್ಡ ಹಂಡೆ. ಪಿಕಪ್ಪೂ ಸೇರಿದರೆ ಮೂರು ಹಂಡೆ. ಅಷ್ಟು ಬಿಸಿ ಎಲ್ಲಿಗೆ ಹೋಗಬೇಕು? ಒಂದಷ್ಟು ಗಾಳಿಗೆ ಹೋಗುತ್ತದೆ, ಗೇರ್ ಕೆಳಗಿದ್ದರೆ ಒಂದಷ್ಟು ಎಂಜಿನ್ ತಿನ್ನುತ್ತದೆ. ಮಿಕ್ಕಿದ್ದೆಲ್ಲ ಬ್ರೇಕಿಗೆ. ಟ್ರೈಲರಿಗೆ ಬ್ರೇಕ್ ಇಲ್ಲದಿದ್ದರೆ ಅದರ ಹಂಡೆಯನ್ನೂ ನಿಮ್ಮ ಪಿಕಪ್ಪಿನ ಬ್ರೇಕೇ ಕಾಯಿಸಬೇಕು. ಕಾದ ಬ್ರೇಕ್ ಪೆಡಲ್ ಹೇಗಿರುತ್ತದೆ ಅಂತ ನಾನು ಕಂಡಿದ್ದೇನೆ. ಕಾಲ ಕೆಳಗೆ ಒದ್ದೆ ಹತ್ತಿ ತುಳಿದ ಹಾಗೆ ಇರುತ್ತದೆ. ದೇವರ ದಯೆಯಿಂದ ಆ ದಿನ ಎಡಗಡೆ ಮಣ್ಣಿನ ದಿಬ್ಬ ಇತ್ತು.

ಪಯಸ್ವಿನಿ ದಡ · ಬೆಳಿಗ್ಗೆ 9.20

ಹದಿನಾರು ಪಟ್ಟು ಅಂತ ಗೊತ್ತಿರಲಿಲ್ಲ. ಸರಿ, ಒಪ್ಪಿದೆ.

ಅಡೂರಿನ ಅಕ್ಕ · ಮಧ್ಯಾಹ್ನ 1.30

ಟಂಗ್ ವೇಟ್ ಅಂದರೆ ಎಂತ ಅಂತ ಅರ್ಥ ಆಗದವರಿಗೆ ಒಂದು ಮಾತು. ನಮ್ಮ ಅಪ್ಪನ ಕಾಲದಲ್ಲಿ ಎತ್ತಿನ ಗಾಡಿ ಇತ್ತು. ತೆಂಗಿನಕಾಯಿ ತುಂಬಿಸುವಾಗ ಅಪ್ಪ ಆಗಾಗ ಮುಂದೆ ಬಂದು ಮೂಕಿಯನ್ನು ಒಂದು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ತೀರ ಹಗುರ ಬಂದರೆ "ಹಿಂಭಾರ ಆಯ್ತು" ಅಂತ ಹಿಂದಿನ ರಾಶಿಯನ್ನು ಮುಂದೆ ತಳ್ಳಿಸುತ್ತಿದ್ದರು. ಹಿಂಭಾರ ಆದರೆ ಏರಿನಲ್ಲಿ ನೊಗ ಮೇಲೆದ್ದು ಎತ್ತಿನ ಕೊರಳ ಹಗ್ಗ ಬಿಗಿಯುತ್ತದೆ. ಮುಂಭಾರ ಜಾಸ್ತಿ ಆದರೆ ಎತ್ತಿನ ಹೆಗಲು ಸುಲಿಯುತ್ತದೆ. ಇಲ್ಲಿ ನೀವೆಲ್ಲ ನೂರಕ್ಕೆ ಹತ್ತು ಹದಿನೈದು ಅಂತ ಹೇಳುವುದು ಅಪ್ಪನ ಕೈಗೆ ಗೊತ್ತಿತ್ತು.

ಮತ್ತೆ, ತೂಗಲಿಕ್ಕೆ ಎಲ್ಲಿಗೂ ಹೋಗಬೇಕಾಗಿಲ್ಲ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲಿ ಇಲ್ಲವಾ?

ಮುಳ್ಳೇರಿಯ ವೆಲ್ಡಿಂಗ್ · ಮಧ್ಯಾಹ್ನ 2.10

ಅಕ್ಕ ಹೇಳಿದ್ದು ಬಂಗಾರದಂಥ ಮಾತು. ಅಡಿಕೆ ತಕ್ಕಡಿಯೇ ಸಾಕು. ಹೀಗೆ ಮಾಡಿ. ಅಂಗಳದ ಸಮ ನೆಲದಲ್ಲಿ ಟ್ರೈಲರ್ ನಿಲ್ಲಿಸಿ, ಎರಡೂ ಚಕ್ರಕ್ಕೆ ಮುಂದೆ ಹಿಂದೆ ಕಲ್ಲು ಕೊಡಿ. ತಕ್ಕಡಿಯನ್ನು ಕೊಂಡಿಯ ನೇರ ಕೆಳಗೆ ಇಡಿ. ತಕ್ಕಡಿಯ ಮೇಲೆ ಮರದ ತುಂಡು ನಿಲ್ಲಿಸಿ, ಕೊಂಡಿಯ ಬಟ್ಟಲು ಅದರ ಮೇಲೆ ಕೂರಬೇಕು. ಪಿಕಪ್ಪಿಗೆ ಕಟ್ಟಿದಾಗ ಕೊಂಡಿ ಎಷ್ಟು ಎತ್ತರ ಇರುತ್ತದೋ ಅಷ್ಟೇ ಎತ್ತರಕ್ಕೆ ಮರ ಕತ್ತರಿಸಿ. ಮೂತಿ ಮೇಲೆ ಕೆಳಗೆ ಆದರೆ ಸಂಖ್ಯೆ ಬದಲಾಗುತ್ತದೆ. ಮುಂದಿನ ಪುಟ್ಟ ಚಕ್ರವನ್ನು ಪೂರ್ತಿ ಮೇಲೆ ಎತ್ತಿರಬೇಕು.

ವೇಬ್ರಿಜ್‌ನಲ್ಲಿ ದೊಡ್ಡ ಎರಡು ಸಂಖ್ಯೆಗಳನ್ನು ಕಳೆದು ಬರುವ ಚಿಕ್ಕ ಸಂಖ್ಯೆಯಲ್ಲಿ ಹತ್ತು ಕೆಜಿ ಆಚೀಚೆ ಆಗುತ್ತದೆ. ತಕ್ಕಡಿ ಹಾಗಲ್ಲ.

ಬದಿಯಡ್ಕದವ · ಮಂಗಳವಾರ, ಸಂಜೆ 6.50

ತೂಗಿಸಿ ಬಂದೆ. ಚೀಟಿ ಎದುರಿಗೇ ಇದೆ.

ಪಿಕಪ್ ಒಂದೇ, ನಾಲ್ಕು ಜನ, ಮೇಲ್ಛಾವಣಿ, ಸಾಮಾನು ಎಲ್ಲ ಸೇರಿ: 2,480. ಅದರಲ್ಲಿ ಮುಂದಿನ ಆಕ್ಸಲ್ 1,215, ಹಿಂದೆ 1,265.
ಎರಡೂ ಒಟ್ಟಿಗೆ: 3,810.
ಅಂದರೆ ಟ್ರೈಲರ್ ಭರ್ತಿ: 1,330 ಕೆಜಿ.

ಮನೆಗೆ ಬಂದು ಸಾಮಾನೆಲ್ಲ ಇಳಿಸಿ, ನೀರು ಖಾಲಿ ಮಾಡಿ ಮತ್ತೆ ಹೋಗಿ ತೂಗಿಸಿದೆ. 1,040. ಮಾಡಿಕೊಟ್ಟವರಿಗೆ ಫೋನ್ ಮಾಡಿದರೆ, 850 ಅಂದದ್ದು ಒಳಗಿನ ಮರದ ಕೆಲಸಕ್ಕೆ ಮೊದಲು ಅಂದರು. ಮಂಚ, ಕಪಾಟಿಗೆ 18 ಎಂಎಂ ಪ್ಲೈವುಡ್ ಐದು ಹಾಳೆ ಹೋಗಿದೆ. ಎಂಟು ಅಡಿ ನಾಲ್ಕು ಅಡಿಯ ಒಂದು ಹಾಳೆ ತಕ್ಕಡಿಗೆ ಇಟ್ಟೆ, 37 ಕೆಜಿ. ವ್ಯತ್ಯಾಸ ಅಲ್ಲಿಗೇ ಮುಗಿಯಿತು.

ಉಳಿದ 290 ನಾನೇ ತುಂಬಿಸಿದ್ದು. ನೀರು 120, ತುಂಬಿದ ಗ್ಯಾಸ್ ಸಿಲಿಂಡರ್ 30, ಎರಡನೇ ಬ್ಯಾಟರಿ 28, ಹೊರಗಿನ ಚಪ್ಪರ ಮತ್ತು ಹಾಸಿಗೆ 45, ಪಾತ್ರೆ, ಅಕ್ಕಿ, ಬಟ್ಟೆಬರೆ 67. ಒಂದು ಗೋಣಿ ಅಡಿಕೆ 65 ಕೆಜಿ ಅಂತ ಹಿಡಿದರೆ ನಾಲ್ಕೂವರೆ ಗೋಣಿ. ಗೋಣಿಯ ಲೆಕ್ಕದಲ್ಲಿ ಯೋಚಿಸಿದಾಗ ಎಷ್ಟು ತುಂಬಿಸಿದ್ದೆ ಅಂತ ನಿಜವಾಗಿ ಗೊತ್ತಾಯಿತು.

ಕೊಂಡಿ ಭಾರ ಅಡಿಕೆ ತಕ್ಕಡಿಯಲ್ಲಿ: 55.

ಕುಂಬಳೆಯಿಂದ ಟೆಕ್ಸಾಸಿಗೆ · ರಾತ್ರಿ 8.30

1,330ಕ್ಕೆ 55. ನೂರಕ್ಕೆ ನಾಲ್ಕು. ನಿಮ್ಮ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಕನಿಷ್ಠ 133 ಬೇಕಿತ್ತು. ಪಿಕಪ್ ಹಿಂದೆ ಕುಸಿಯದೆ ಚೆನ್ನಾಗಿ ನಿಂತಿದೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ ಆಗಿರಲಿಲ್ಲ. ಹಿಂದಿನ ಟ್ಯಾಂಕ್ ಕೊಂಡಿಯನ್ನು ಮೇಲಕ್ಕೆ ಎತ್ತುತ್ತಾ ಇತ್ತು. ಭಾರದ ಮಧ್ಯಬಿಂದು ಆಕ್ಸಲ್ಲಿಗೆ ಅಂಟಿಕೊಂಡೇ ಇದ್ದರೆ, ಅದರಲ್ಲೂ ತುದಿಯಲ್ಲಿ ಭಾರ ಇದ್ದರೆ, ಬಾಲ ಆಡಿಸಲಿಕ್ಕೆ ಒಂದು ಲಾರಿಯ ಗಾಳಿ ಸಾಕು.

1,330 ಎನ್ನುವುದು 1,800ರ ಒಳಗೆ. 3,810 ಎನ್ನುವುದು 4,200ರ ಒಳಗೆ. ಎರಡು ಪರೀಕ್ಷೆಯಲ್ಲಿ ಪಾಸ್, ಮತ್ತೆರಡರಲ್ಲಿ ಅಪಾಯ: ಬ್ರೇಕ್, ಕೊಂಡಿ ಭಾರ.

ಬದಿಯಡ್ಕದವ · ರಾತ್ರಿ 8.50

ಹಾಗಾದರೆ ಎಲ್ಲ ಸಾಮಾನನ್ನೂ ಟ್ರೈಲರಿನ ಮುಂದಕ್ಕೆ ತಂದು 150 ಮಾಡಿಬಿಡುತ್ತೇನೆ. ಸರಿಯಾಗ್ತದಾ?

ಮುಳ್ಳೇರಿಯ ವೆಲ್ಡಿಂಗ್ · ರಾತ್ರಿ 9.30

ತಡೀರಿ, ಇಲ್ಲೊಂದು ಸಿಕ್ಕು ಉಂಟು. ನಿಮ್ಮ ಪಿಕಪ್ಪಿನ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ಎಷ್ಟು, ಹಿಂದಿನ ಚಕ್ರದಿಂದ ಕೊಂಡಿ ಕೂರುವ ಉಕ್ಕಿನ ಗುಂಡಿನವರೆಗೆ ಎಷ್ಟು, ಅಳೆದು ಹೇಳಿ. ಟ್ರೈಲರಿನದ್ದೂ ಬೇಕು: ಆಕ್ಸಲ್ಲಿನಿಂದ ಕೊಂಡಿಗೆ, ಟ್ಯಾಂಕಿಗೆ, ಸ್ಟೆಪ್ನಿಗೆ.

ಬದಿಯಡ್ಕದವ · ರಾತ್ರಿ 9.55

ಟಾರ್ಚ್ ಹಿಡಿದು ಅಳೆದೆ. ಪಿಕಪ್: 3.1 ಮೀಟರ್ ಮತ್ತು 1.25 ಮೀಟರ್. ಟ್ರೈಲರ್: ಆಕ್ಸಲ್‌ನಿಂದ ಕೊಂಡಿಗೆ 3.6, ಟ್ಯಾಂಕಿನ ನಡುವಿಗೆ ಹಿಂದೆ 1.4, ಸ್ಟೆಪ್ನಿಗೆ ಹಿಂದೆ 1.9. ಸ್ಟೆಪ್ನಿ 20 ಕೆಜಿ.

ಮುಳ್ಳೇರಿಯ ವೆಲ್ಡಿಂಗ್ · ರಾತ್ರಿ 10.40

ಕೊಂಡಿ ಹಿಂದಿನ ಚಕ್ರಕ್ಕಿಂತ ಆಚೆ ಇರುವುದರಿಂದ ಅದು ಮೀಟುಗೋಲಿನ ಹಾಗೆ ಕೆಲಸ ಮಾಡುತ್ತದೆ. 150 ಕೆಜಿ ಅಲ್ಲಿ ಕೂತರೆ ಹಿಂದಿನ ಆಕ್ಸಲ್ಲಿಗೆ 150 ಅಲ್ಲ, 210 ಬೀಳುತ್ತದೆ. ಮಿಕ್ಕ 60 ಮುಂದಿನ ಚಕ್ರದಿಂದ ಎತ್ತಿದ್ದು. 1,265ಕ್ಕೆ 210 ಕೂಡಿಸಿದರೆ 1,475. ನಿಮ್ಮ ಮಿತಿ 1,450. ಪಿಕಪ್ಪಿನ ಒಟ್ಟು ತೂಕ 2,630, ಅದು 2,750ರ ಒಳಗೇ ಇದೆ, ಆದರೂ ಹಿಂದಿನ ಆಕ್ಸಲ್ ಮಿತಿ ದಾಟಿತು. ಒಟ್ಟು ಲೆಕ್ಕ ಮಾತ್ರ ನೋಡುವವರು ಸೋಲುವುದು ಇಲ್ಲಿ. ಮುಂದಿನ ಚಕ್ರ ಹಗುರ ಆದರೆ ಮಳೆಯಲ್ಲಿ ಸ್ಟೇರಿಂಗ್ ಮಾತು ಕೇಳುವುದಿಲ್ಲ. ನಮ್ಮ ಆಟಿ ತಿಂಗಳ ಮಳೆ ನಿಮಗೆ ನಾನು ಹೇಳಬೇಕಾ.

ಆದ್ದರಿಂದ ಭಾರ ಮುಂದೆ ತರುವುದಕ್ಕಿಂತ ಮೊದಲು ಹಿಂದಿನದ್ದನ್ನು ತೆಗೆಯಿರಿ. ಟ್ಯಾಂಕ್ ಹಿಂದೆ 1.4 ಮೀಟರಿನಲ್ಲಿ ಕೂತು ಕೊಂಡಿಯಿಂದ ಕದಿಯುವುದು 120ನ್ನು 1.4ರಿಂದ ಗುಣಿಸಿ 3.6ರಿಂದ ಭಾಗಿಸಿದಷ್ಟು, ಹತ್ತಿರ ಹತ್ತಿರ 47 ಕೆಜಿ. ಟ್ಯಾಂಕ್ ಅಲ್ಲಿಂದ ಬಿಚ್ಚಿದ ಕೂಡಲೇ 55 ಇದ್ದದ್ದು 102 ಆಗುತ್ತದೆ. ಅದನ್ನು ಆಕ್ಸಲ್ಲಿಗಿಂತ ಅರ್ಧ ಮೀಟರ್ ಮುಂದೆ, ನೆಲದ ಕೆಳಗೆ ಕೂರಿಸಿ. ದಾರಿಯಲ್ಲಿ ಕುಡಿಯಲಿಕ್ಕೆ, ಕೈತೊಳೆಯಲಿಕ್ಕೆ 40 ಲೀಟರ್ ಸಾಕು, ಉಳಿದದ್ದು ಹೋದಲ್ಲಿ ತುಂಬಿಸಿ. ಆ 40ರಿಂದ ಕೊಂಡಿಗೆ ಐದೂವರೆ. ಸ್ಟೆಪ್ನಿಯನ್ನು ಮುಂದಿನ ಮೂತಿಯ ತ್ರಿಕೋನದ ಮೇಲೆ, ಆಕ್ಸಲ್‌ನಿಂದ 2.6 ಮೀಟರ್ ಮುಂದೆ ಕಟ್ಟಿ. ಅದರಿಂದ 25. ಒಟ್ಟು 132 ಬರಬೇಕು. ಟ್ಯಾಂಕ್ ತುಂಬಿದ್ದರೂ ಖಾಲಿ ಇದ್ದರೂ ಇನ್ನು ಕೊಂಡಿ ಭಾರ ಹೆಚ್ಚು ಬದಲಾಗುವುದಿಲ್ಲ, ಅದೇ ಮುಖ್ಯ. ಆಕ್ಸಲ್ಲಿನ ಹತ್ತಿರ ಇದ್ದ ಭಾರ ತೂಗಾಡಿಸುವುದಿಲ್ಲ. ಟ್ಯಾಂಕಿನ ಒಳಗೆ ತಡೆ ಹಲಗೆ ಇಲ್ಲದಿದ್ದರೆ ಅರ್ಧ ತುಂಬಿದ ನೀರು ತಿರುವಿನಲ್ಲಿ ಒಂದು ಕಡೆಗೆ ನುಗ್ಗುತ್ತದೆ, ಅದನ್ನೂ ಹಾಕಿಸಿ.

ಟೈರಿನ ಪಕ್ಕದಲ್ಲಿ ಬರೆದ ಸಂಖ್ಯೆ ಓದಿ ಹೇಳ್ತೀರಾ? ಅಳತೆಯ ನಂತರ ಬರುವ ಎರಡಂಕಿ.

ಬದಿಯಡ್ಕದವ · ರಾತ್ರಿ 10.55

88.

ಮುಳ್ಳೇರಿಯ ವೆಲ್ಡಿಂಗ್ · ರಾತ್ರಿ 11.05

88 ಅಂದರೆ ಒಂದು ಟೈರಿಗೆ 560 ಕೆಜಿ. ಎರಡಕ್ಕೆ 1,120. ನಿಮ್ಮ ಟ್ರೈಲರಿನ ಚಕ್ರಗಳ ಮೇಲೆ ಮೊನ್ನೆ ಇದ್ದದ್ದು 1,275. ಕಾರಿನ ಟೈರ್ ಹಾಕಿಕೊಟ್ಟಿದ್ದಾರೆ. ದಯವಿಟ್ಟು ಈ ಟೈರಿನಲ್ಲಿ ಇನ್ನು ಎಲ್ಲಿಗೂ ಹೋಗಬೇಡಿ. ಸರಕು ಗಾಡಿಯ ಟೈರ್ ಹಾಕಿಸಿ, 100 ಅಂತ ಇರಬೇಕು. ಅದು ಒಂದಕ್ಕೆ 800 ಕೆಜಿ ತಡೆಯುತ್ತದೆ. ಡಿಸ್ಕ್, ಆಕ್ಸಲ್ ಅದಕ್ಕೆ ತಡೆಯುತ್ತದಾ ಅಂತಲೂ ನೋಡಬೇಕು.

ತಲಪಾಡಿ ಗಡಿ · ಬುಧವಾರ, ಬೆಳಿಗ್ಗೆ 10.00

ಒಂದು ವಿಷಯ ಯಾರೂ ಎತ್ತಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ "ಮೋಟಾರು ವಾಹನ" ಎಂಬ ಪದದೊಳಗೆ ಟ್ರೈಲರೂ ಸೇರುತ್ತದೆ. ಎಂಜಿನ್ ಇಲ್ಲದಿದ್ದರೂ ಅದಕ್ಕೆ ಸ್ವಂತ ನೋಂದಣಿ, ಸ್ವಂತ ವಿಮೆ ಬೇಕು. ಹಿಂದೆ ಲೈಟು, ಇಂಡಿಕೇಟರ್, ನಂಬರ್ ಪ್ಲೇಟ್ ಬೇಕು. ನಮಗೆ ಮಂಗಳೂರಿಗೆ ಹೋದರೂ ಸುಳ್ಯಕ್ಕೆ ಹೋದರೂ ರಾಜ್ಯದ ಗಡಿ ದಾಟಲೇಬೇಕು. ಕೆಎಲ್-14ರ, ಅಂದರೆ ನಮ್ಮ ಕಾಸರಗೋಡು ನೋಂದಣಿಯ, ಕಾಗದ ಪತ್ರ ಸರಿ ಇಟ್ಟುಕೊಂಡೇ ಹೊರಡಿ. ತೂಕದ ಚೀಟಿಯ ಪ್ರತಿಯನ್ನೂ ಜತೆಗೆ ಇಡಿ.

ಬದಿಯಡ್ಕದವ · ಬೆಳಿಗ್ಗೆ 10.30

ಪಿಕಪ್ಪಿನದ್ದು ಎಲ್ಲ ಸರಿ ಉಂಟು. ಟ್ರೈಲರಿನದ್ದು ಮಾಡಿಸಿಲ್ಲ, ಬೇಕು ಅಂತ ಮಾಡಿಕೊಟ್ಟವರೂ ಹೇಳಲಿಲ್ಲ. ಅದು ಆಗುವವರೆಗೆ ರಸ್ತೆಗೆ ಇಳಿಸುವುದಿಲ್ಲ.

ಬ್ರೇಕ್ ಬಗ್ಗೆ ಹೇಳಿ. ಎಂಥದ್ದು ಹಾಕಿಸಲಿ?

ಕುಂಬಳೆಯಿಂದ ಟೆಕ್ಸಾಸಿಗೆ · ರಾತ್ರಿ 9.15

ಎರಡು ಬಗೆ. ಇಲ್ಲಿ ಹೆಚ್ಚಿನ ಟ್ರಾವೆಲ್ ಟ್ರೈಲರಿಗೆ ಎಲೆಕ್ಟ್ರಿಕ್ ಬ್ರೇಕ್. ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್ ಇರುತ್ತದೆ, ಪೆಡಲ್ ಒತ್ತಿದಾಗ ಟ್ರೈಲರಿಗೂ ಕರೆಂಟ್ ಹೋಗುತ್ತದೆ. ದೊಡ್ಡ ಗುಣ ಏನೆಂದರೆ ಟ್ರೈಲರಿನ ಬ್ರೇಕ್ ಮಾತ್ರ ಕೈಯಲ್ಲಿ ಹಿಡಿಯಬಹುದು. ಬಾಲ ಆಡಿಸಲಿಕ್ಕೆ ಸುರು ಮಾಡಿದಾಗ ಪಿಕಪ್ಪಿನ ಬ್ರೇಕ್ ಮುಟ್ಟದೆ ಆ ಲಿವರನ್ನು ಮೆಲ್ಲಗೆ ಒತ್ತಿದರೆ ಟ್ರೈಲರ್ ಹಿಂದಕ್ಕೆ ಎಳೆದು ನೇರ ಆಗುತ್ತದೆ.

ಇನ್ನೊಂದು ಓವರ್‌ರನ್ ಬ್ರೇಕ್. ಪಿಕಪ್ ನಿಧಾನ ಆದಾಗ ಟ್ರೈಲರ್ ಮುಂದಕ್ಕೆ ದೂಡುತ್ತದಲ್ಲ, ಆ ದೂಡುವ ಬಲದಿಂದಲೇ ಕೊಂಡಿ ಒಳಗೆ ಜಾರಿ, ಸನ್ನೆ ಎಳೆದು, ಕೇಬಲ್ ಮೂಲಕ ಟ್ರೈಲರಿನ ಡ್ರಮ್ ಹಿಡಿಯುತ್ತದೆ. ವಯರಿಂಗ್ ಬೇಡ, ನಿಮ್ಮ ತೂಕಕ್ಕೆ ಸಾಕು. ಯಾವುದೇ ಹಾಕಿಸಿ, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಯುವ ತುಂಡುಹಗ್ಗ ಇರಲೇಬೇಕು. ಸುರಕ್ಷಾ ಸರಪಳಿ ಎರಡು, ಕೊಂಡಿಯ ಕೆಳಗೆ ಕತ್ತರಿಯ ಹಾಗೆ ಅಡ್ಡ ಹಾಕಿ. ಕೊಂಡಿ ಬಿದ್ದರೂ ಆ ಸರಪಳಿಯ ತೊಟ್ಟಿಲಲ್ಲಿ ಕೂರುತ್ತದೆ, ರಸ್ತೆಗೆ ಮೂತಿ ಊರುವುದಿಲ್ಲ.

ಗುಂಡಿನ ಅಳತೆಯನ್ನೂ ನೋಡಿ. 50 ಎಂಎಂ ಗುಂಡು ಒಂದು, ಎರಡು ಇಂಚಿನದ್ದು ಇನ್ನೊಂದು. ಎರಡು ಇಂಚು ಅಂದರೆ 50.8. ಕಣ್ಣಿಗೆ ಎರಡೂ ಒಂದೇ. ಎರಡು ಇಂಚಿನ ಬಟ್ಟಲಿಗೆ 50ರ ಸವೆದ ಗುಂಡು ಹಾಕಿದರೆ ಹೊಂಡದ ರಸ್ತೆಯಲ್ಲಿ ಹಾರಿ ಬರಬಹುದು.

ಬದಿಯಡ್ಕದವ · ಐದು ವಾರದ ನಂತರ, ಭಾನುವಾರ

ಎಲ್ಲರಿಗೂ ಲೆಕ್ಕ ಒಪ್ಪಿಸಬೇಕು.

ಓವರ್‌ರನ್ ಬ್ರೇಕ್ ಹಾಕಿಸಿದೆ. ಟೈರ್ 100ರದ್ದು. ಟ್ಯಾಂಕ್ ಆಕ್ಸಲ್ಲಿನ ಮುಂದೆ, ಸ್ಟೆಪ್ನಿ ಮೂತಿಯಲ್ಲಿ. ಎರಡನೇ ಬ್ಯಾಟರಿ ತೆಗೆದೆ. ಪಿಕಪ್ಪಿನ ಹಿಂದೆ ಸದಾ ಬಿದ್ದಿರುತ್ತಿದ್ದ 45 ಕೆಜಿಯ ಸಲಕರಣೆ ಪೆಟ್ಟಿಗೆ ಮನೆಯಲ್ಲೇ ಉಳಿಯಿತು. ಕಾಗದ ಪತ್ರ ಕೈಗೆ ಬಂತು. ಟ್ರೈಲರ್ ಭರ್ತಿ ಈಗ 1,220. ಕೊಂಡಿ ಭಾರ ಅಡಿಕೆ ತಕ್ಕಡಿಯಲ್ಲಿ 134. ಮುಳ್ಳೇರಿಯದವರು 132 ಅಂದಿದ್ದರು! ಟ್ರೈಲರ್ ಕಟ್ಟಿದ ಮೇಲೆ ಪಿಕಪ್ಪಿನ ಹಿಂದಿನ ಆಕ್ಸಲ್ 1,410.

ಪಿಕಪ್ ಈಗ ಹಿಂದೆ ಎರಡು ಬೆರಳು ಕುಸಿಯುತ್ತದೆ. ಅದನ್ನು ನೋಡಿದರೆ ನನಗೆ ಸಮಾಧಾನ.

ನಿನ್ನೆ ಜಾಲ್ಸೂರು, ಸುಳ್ಯ ದಾರಿಯಾಗಿ ಮಡಿಕೇರಿಗೆ ಹೋಗಿ ಇವತ್ತು ಇಳಿದೆವು. ಹೊರಡುವ ಮೊದಲು ಟ್ಯಾಂಕಿನ ನೀರು ಪೂರ್ತಿ ಬಿಟ್ಟೆ. ಘಟ್ಟದ ಚಾಲಕರು ಹೇಳಿದ ಹಂಡೆಯ ಲೆಕ್ಕ ತಲೆಯಲ್ಲೇ ಇತ್ತು. ಎರಡನೇ ಗೇರ್, ಗಂಟೆಗೆ 25ರಿಂದ 30. ಜೋಡುಪಾಲದ ತಿರುವುಗಳಲ್ಲಿ ಬ್ರೇಕ್ ಒತ್ತಿದಾಗ ಹಿಂದೆ ಕೊಂಡಿ ಒಳಗೆ ಜಾರುವುದು ಟಕ್ ಅಂತ ಕೇಳುತ್ತಿತ್ತು, ಅದರ ಬೆನ್ನಿಗೇ ಟ್ರೈಲರ್ ಹಿಂದಕ್ಕೆ ಹಿಡಿಯುವುದು ಸೀಟಿನಲ್ಲಿ ಗೊತ್ತಾಗುತ್ತಿತ್ತು. ಕೊಯನಾಡಿನಲ್ಲಿ ನಿಲ್ಲಿಸಿ ಇಳಿದು ನೋಡಿದೆ. ಟ್ರೈಲರಿನ ಎರಡೂ ಡ್ರಮ್ ಬಿಸಿ, ಅಂಗೈ ಹತ್ತಿರ ಹಿಡಿಯಬಹುದು, ಮುಟ್ಟಲಿಕ್ಕೆ ಆಗುವುದಿಲ್ಲ. ಎಡ ಬಲ ಎರಡೂ ಒಂದೇ ಹದದಲ್ಲಿ ಬಿಸಿ. ಪಿಕಪ್ಪಿನ ಪೆಡಲ್ ಮೇಲಿದ್ದಲ್ಲೇ ಗಟ್ಟಿ.

ಅಮ್ಮ ಹಿಂದಿನ ಸೀಟಿನಲ್ಲಿ ಇದ್ದರು. ಸಂಪಾಜೆಗೆ ಬಂದಾಗ ನಿದ್ದೆ.

ಘಟ್ಟದ ಚಾಲಕ · ರಾತ್ರಿ 8.20

ಪೆಡಲ್ ಗಟ್ಟಿ ಇತ್ತು ಅಂತ ಓದಿ ತುಂಬ ಖುಷಿಯಾಯ್ತು. ಎರಡೂ ಡ್ರಮ್ ಒಂದೇ ಹದದಲ್ಲಿ ಬಿಸಿ ಇತ್ತಾ ಅಂತ ಕೇಳಬೇಕು ಅಂತಿದ್ದೆ, ನೀವೇ ಬರೆದಿದ್ದೀರಿ.

ಮುಳ್ಳೇರಿಯ ವೆಲ್ಡಿಂಗ್ · ರಾತ್ರಿ 8.45

ಹೊಸ ಚಕ್ರ ಹಾಕಿ ಮೊದಲ ನೂರು ಕಿಮೀ ಆದ ಮೇಲೆ ನಟ್ ಮತ್ತೆ ಬಿಗಿ ಮಾಡಬೇಕು. ಮಾಡಿದಿರಾ? ಮಾಡದಿದ್ದರೆ ಈಗಲೇ ಮಾಡಿ, ನಾಳೆಗೆ ಬೇಡ.

ಬದಿಯಡ್ಕದವ · ರಾತ್ರಿ 9.10

ಈಗ ಮಾಡಿ ಬಂದೆ. ಬಲಗಡೆಯ ಚಕ್ರದಲ್ಲಿ ಎರಡು ನಟ್ ಕಾಲು ಸುತ್ತು ತಿರುಗಿತು.